ಭರಣಿಯೊಳಗಿನ ತೇವ: ನಾರ್ತ್ ಹೈಡ್ ಸಬ್‌ಸ್ಟೇಷನ್ ಬೆಂಕಿಯ ಪ್ರಕರಣ

2018ರ ಜುಲೈ ತಿಂಗಳು. ಲಂಡನ್ನಿನ ಪಶ್ಚಿಮ ಅಂಚಿನ ಹೇಯ್ಸ್‌ನಲ್ಲಿರುವ ನಾರ್ತ್ ಹೈಡ್ ಸಬ್‌ಸ್ಟೇಷನ್‌ನಲ್ಲಿ ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್‌ನ ಬುಶಿಂಗ್‌ನಿಂದ, ಅಂದರೆ ಹೊರಗಿನ ತಂತಿಯ ವಿದ್ಯುತ್ತನ್ನು ಯಂತ್ರದೊಳಕ್ಕೆ ತರುವ ಕೊಳವೆಯಿಂದ, ಎಣ್ಣೆಯ ಮಾದರಿ ತೆಗೆದು ಲ್ಯಾಬಿಗೆ ಕಳಿಸಿದರು. ಎಣ್ಣೆಯಲ್ಲಿ ನೀರಿನ ಅಂಶ ಇರಬೇಕಾದ್ದಕ್ಕಿಂತ ಹೆಚ್ಚಿದೆ ಎಂದು ಉತ್ತರ ಬಂತು. ಸ್ಟೇಷನ್ನಿನ ಒಡೆತನ ನ್ಯಾಷನಲ್ ಗ್ರಿಡ್ ಕಂಪನಿಯದು. ಆ ಕಂಪನಿಯ ಸ್ವಂತ ಮಾರ್ಗಸೂಚಿಯಲ್ಲೇ ಅಂಥ ರೀಡಿಂಗಿಗೆ ಅರ್ಥ ಬರೆದಿತ್ತು: ದೋಷ ಬಾಗಿಲಲ್ಲಿ ನಿಂತಿದೆ, ಬುಶಿಂಗ್ ಬದಲಿಸಬೇಕು. ಬದಲಿಸಲಿಲ್ಲ. 2025ರ ಮಾರ್ಚ್ 20ರ ರಾತ್ರಿ 11 ಗಂಟೆ 21 ನಿಮಿಷಕ್ಕೆ ಅದೇ ಟ್ರಾನ್ಸ್‌ಫಾರ್ಮರ್‌ನ ಬುಶಿಂಗ್ ಸಿಡಿಯಿತು. ಮರುದಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಬೀಗ ಬಿತ್ತು.

ಜಗತ್ತು ನೆನಪಿಟ್ಟುಕೊಂಡದ್ದು ವಿಮಾನ ನಿಲ್ದಾಣವನ್ನು. ಸರ್ವೀಸಿನಲ್ಲಿ ಬಹಳ ವರ್ಷ ಟೆಸ್ಟಿಂಗ್ ಕಿಟ್ ಹೊತ್ತುಕೊಂಡು ಸ್ಟೇಷನ್‌ನಿಂದ ಸ್ಟೇಷನ್ನಿಗೆ ಅಲೆದ ನನಗೆ ಅಂಟಿಕೊಂಡು ಕೂತದ್ದು ಆ ಜುಲೈ ತಿಂಗಳ ಎಣ್ಣೆ. ಹೇಳದೆ ಕೇಳದೆ ಸಾಯುವ ಟ್ರಾನ್ಸ್‌ಫಾರ್ಮರ್‌ಗಳೂ ಇರುತ್ತವೆ. ಇದು ಹೇಳಿಯೇ ಸತ್ತದ್ದು, ಅದೂ ಏಳು ವರ್ಷಕ್ಕೆ ಸ್ವಲ್ಪ ಕಡಿಮೆ ಇರುವಷ್ಟು ಮೊದಲೇ. ಬ್ರಿಟನ್ನಿನ ವಿದ್ಯುತ್ ಜಾಲವನ್ನು ನಡೆಸುವ ನೀಸೋ ಸಂಸ್ಥೆ 2025ರ ಜುಲೈ 2ರಂದು ಅಂತಿಮ ವರದಿ ಹೊರಡಿಸಿದಾಗ ನಾನು ಮೊದಲು ಹುಡುಕಿದ್ದು ಬುಶಿಂಗ್ ಎಂಬ ಪದವನ್ನೇ.

ಆ ಯಂತ್ರ ಎಂಥದ್ದು

ನಮ್ಮ ಕಡೆ ಟಿಸಿ ಅಂದರೆ ಊರ ಹೊರಗೆ ಎರಡು ಕಂಬದ ನಡುವೆ ಕೂತ ಬೂದು ಬಣ್ಣದ ಡಬ್ಬಿ. ಹೊರುವ ಸಾಮರ್ಥ್ಯ 25, 63, 100 ಕೆವಿಎ. ಸುಟ್ಟರೆ ಟ್ರ್ಯಾಕ್ಟರಿನ ಟ್ರೈಲರಿಗೆ ಹಾಕಿಕೊಂಡು ರಿಪೇರಿ ಸೆಂಟರಿಗೆ ಒಯ್ಯಬಹುದು, ಬೇರೆಯದು ತರಬಹುದು. ನಾರ್ತ್ ಹೈಡ್‌ನದು ಬೇರೆಯೇ ಜಾತಿ. 275 ಕೆವಿಯನ್ನು (ಒಂದು ಕೆವಿ ಅಂದರೆ ಸಾವಿರ ವೋಲ್ಟ್) 66 ಕೆವಿಗೆ ಇಳಿಸುವ ಯಂತ್ರ. ಬ್ರಿಟನ್ನಿನವರು ಸೂಪರ್‌ಗ್ರಿಡ್ ಟ್ರಾನ್ಸ್‌ಫಾರ್ಮರ್ ಅನ್ನುತ್ತಾರೆ. ಬೆಂಗಳೂರಿನ ಸುತ್ತಲಿನ 220/66 ಕೆವಿ ಸ್ಟೇಷನ್‌ಗಳನ್ನು ನೋಡಿದವರಿಗೆ ಅಂದಾಜು ಸಿಗುತ್ತದೆ: ಒಂದು ಸಣ್ಣ ಮನೆಯಷ್ಟು ಗಾತ್ರ, ಪಕ್ಕದಲ್ಲಿ ರೇಡಿಯೇಟರ್‌ಗಳ ಸಾಲು, ನೆತ್ತಿಯ ಮೇಲೆ ಪಿಂಗಾಣಿಯ ಉದ್ದನೆಯ ಕೊಂಬುಗಳು. ಅಂಥವು ನಾರ್ತ್ ಹೈಡ್‌ನಲ್ಲಿ ಮೂರಿದ್ದವು. ಸುಟ್ಟದ್ದು ಮೂರನೆಯ ನಂಬರಿನದು. 1960ರ ದಶಕದ ಕೊನೆಗೆ ತಯಾರಾದ ಮಾಲು.

ವಯಸ್ಸು ಕೇಳಿದ ಕೂಡಲೇ "ಓ, ಹಳೇದು, ಅದಕ್ಕೇ" ಅಂದುಬಿಡುವುದು ಸುಲಭ. ನಾನು ಒಪ್ಪುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನಲ್ಲಿ ತಿರುಗುವ ಭಾಗವೇ ಇಲ್ಲ. ತಾಮ್ರ ಸವೆಯದು, ಕೋರಿನ ತಗಡು ಸವೆಯದು, ಎಣ್ಣೆ ಕೆಟ್ಟರೆ ಸೋಸಬಹುದು ಇಲ್ಲವೇ ಬದಲಿಸಬಹುದು. ಮುದಿಯಾಗುವುದು ಕಾಗದ ಒಂದೇ.

ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಳಗೆ ಮೊದಲ ಸಲ ಹೋದವರು ಬೆರಗಾಗುವುದು ಇಲ್ಲೇ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1933ರಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆಯಾಗಿ ಶುರುವಾದ, ಈಗ ಕವಿಕಾ ಎಂದು ಕರೆಯುವ ಕಾರ್ಖಾನೆಯಂಥ ಕಡೆ ಕಂಬದ ಟಿಸಿಗಳು ತಯಾರಾಗುತ್ತವೆ. ಅಲ್ಲೂ, ನೂರಾರು ಟನ್ನಿನ ಯಂತ್ರ ಕಟ್ಟುವ ಕಡೆಯೂ ಮೂಲ ಕಸುಬು ಒಂದೇ. ಕಾಲು ಮಿಲಿಮೀಟರ್ ದಪ್ಪದ ಸಿಲಿಕಾನ್ ಉಕ್ಕಿನ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಕೋರ್ ಕಟ್ಟುತ್ತಾರೆ. ತಾಮ್ರದ ಪಟ್ಟಿಗೆ ಕ್ರಾಫ್ಟ್ ಕಾಗದ ಸುತ್ತಿ, ಆ ಪಟ್ಟಿಯನ್ನು ಸುರುಳಿ ಸುತ್ತಿ ವೈಂಡಿಂಗ್ ಮಾಡುತ್ತಾರೆ. ಸುರುಳಿ ಸುರುಳಿಯ ನಡುವೆ ಪ್ರೆಸ್‌ಬೋರ್ಡಿನ ತುಂಡುಗಳು. ಅದೂ ಒತ್ತಿದ ಕಾಗದವೇ. ಒಟ್ಟಿನಲ್ಲಿ ಲಕ್ಷಾಂತರ ವೋಲ್ಟ್ ತಡೆದು ನಿಲ್ಲಿಸುವುದು ಎಣ್ಣೆಯಲ್ಲಿ ನೆನೆದ ಕಾಗದ.

ಕಾಗದಕ್ಕೂ ನೀರಿಗೂ ಇರುವ ನಂಟು ನಮ್ಮ ಮನೆಯ ಹೆಂಗಸರಿಗೆ ಎಂಜಿನಿಯರ್‌ಗಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಒಣಗಿಸಿಟ್ಟ ಹಪ್ಪಳದ ಡಬ್ಬಿಯ ಮುಚ್ಚಳ ಆಷಾಢದಲ್ಲಿ ಒಂದು ರಾತ್ರಿ ಸಡಿಲವಿದ್ದರೆ ಸಾಕು, ಬೆಳಿಗ್ಗೆ ಹಪ್ಪಳ ಮೆತ್ತಗೆ. ಹೊರಗಿಟ್ಟ ಕಾಗದವೂ ಹಾಗೇ. ತನ್ನ ತೂಕದ ನೂರಕ್ಕೆ ಆರೇಳು ಪಾಲು ನೀರನ್ನು ಗಾಳಿಯಿಂದ ಎಳೆದುಕೊಂಡಿರುತ್ತದೆ. ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್‌ನಲ್ಲಿ ಐದು ಟನ್ ಕಾಗದ, ಬೋರ್ಡು ಇದೆ ಎಂದುಕೊಂಡರೆ ಅದರೊಳಗೆ 300 ಲೀಟರ್ ನೀರು ಕೂತಿದೆ ಎಂದಾಯಿತು. ಅದನ್ನು ತೆಗೆಯದೆ ಎಣ್ಣೆ ತುಂಬುವಂತಿಲ್ಲ. ದೊಡ್ಡ ಯಂತ್ರಗಳನ್ನು ಅದಕ್ಕೇ ನಿರ್ವಾತದ ಒಲೆಯೊಳಗೆ ಕೂರಿಸಿ, ಸೀಮೆಎಣ್ಣೆಯಂಥ ದ್ರವದ ಬಿಸಿ ಆವಿ ಹಾಯಿಸಿ, ದಿನಗಟ್ಟಲೆ ಒಣಗಿಸುತ್ತಾರೆ. ನೀರಿನ ಪಾಲು ಶೇ. 0.5ಕ್ಕಿಂತ ಕೆಳಗೆ ಬರಬೇಕು. ಒಲೆಯಿಂದ ಹೊರತೆಗೆದ ಕ್ಷಣದಿಂದ ಗಡಿಯಾರದ ಜೊತೆ ಓಟ: ಕಾಗದ ಮತ್ತೆ ಗಾಳಿ ಕುಡಿಯಲು ಶುರುಮಾಡುವ ಮೊದಲೇ ಟ್ಯಾಂಕಿಗೆ ಇಳಿಸಿ, ನಟ್ಟು ಬಿಗಿದು, ನಿರ್ವಾತದಲ್ಲೇ ಎಣ್ಣೆ ತುಂಬಬೇಕು. ಕಾರ್ಖಾನೆಯಿಂದ ಹೊರಟ ಮೇಲೆ ಮುಂದಿನ ನಲವತ್ತು ಐವತ್ತು ವರ್ಷ ಮಾಡುವ ಉಸ್ತುವಾರಿಯಲ್ಲಿ ಮುಕ್ಕಾಲು ಪಾಲು ಆ ಒಣಗನ್ನು ಕಾಪಾಡುವುದೇ. ಟ್ಯಾಂಕಿನ ಉಸಿರುನಳಿಕೆಗೆ ಸಿಲಿಕಾ ಜೆಲ್ ಕಟ್ಟುವುದು, ನೀಲಿ ಹರಳು ಗುಲಾಬಿಗೆ ತಿರುಗಿತೇ ಎಂದು ಆಪರೇಟರ್ ಇಣುಕುವುದು, ಎಣ್ಣೆ ಸೋಸುವುದು, ಎಲ್ಲ ಅದಕ್ಕೇ.

ಕುತ್ತಿಗೆ

ನಾರ್ತ್ ಹೈಡ್‌ನಲ್ಲಿ ಕೆಟ್ಟದ್ದು ಈ ಟ್ಯಾಂಕಿನ ಒಳಗಲ್ಲ ಎಂಬುದೇ ಪ್ರಕರಣದ ಗಂಟು.

ಹೊರಗಿನ ತಂತಿಯಿಂದ ವಿದ್ಯುತ್ತು ಟ್ಯಾಂಕಿನೊಳಕ್ಕೆ ಬರಬೇಕು. ಟ್ಯಾಂಕು ಕಬ್ಬಿಣದ್ದು, ನೆಲಕ್ಕೆ ಅರ್ಥ್ ಆಗಿರುವುದು. 275 ಕೆವಿ ಎಂದರೆ ಫೇಸಿಗೂ ನೆಲಕ್ಕೂ ನಡುವೆ ಸುಮಾರು 159 ಕೆವಿ. ಅಷ್ಟನ್ನು ಟ್ಯಾಂಕಿನ ಮುಚ್ಚಳದ ಒಂದು ತೂತಿನ ಮೂಲಕ, ಗೇಣಗಲದ ಅಂತರದಲ್ಲಿ, ಕಬ್ಬಿಣಕ್ಕೆ ತಾಗಿಸದೆ ಒಳಗೆ ತರುವ ಕೊಳವೆಯೇ ಬುಶಿಂಗ್. ಹೊರಗೆ ಕಾಣುವುದು ಪಿಂಗಾಣಿಯ ಬಳೆಗಳ ಕೊಂಬು. ಕಸುಬು ಇರುವುದು ಅದರೊಳಗೆ: ನಡುವಿನ ವಾಹಕದ ಸುತ್ತ ಕ್ರಾಫ್ಟ್ ಕಾಗದ ಸುತ್ತುತ್ತಾ, ಲೆಕ್ಕ ಹಾಕಿದ ಅಂತರಕ್ಕೊಂದು ಅಲ್ಯೂಮಿನಿಯಂ ಹಾಳೆ ಸೇರಿಸುತ್ತಾ ಹೋಗುತ್ತಾರೆ. ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ಪ್ರತಿ ಎರಡು ಹಾಳೆಯ ನಡುವೆ ಒಂದೊಂದು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಜೋಡಿ. ಎಲ್ಲ ಸಾಲಾಗಿ ಕೂತು ಒಟ್ಟು ವೋಲ್ಟೇಜನ್ನು ಸಮಪಾಲು ಹಂಚಿಕೊಳ್ಳುತ್ತವೆ. ಆಮೇಲೆ ಇದನ್ನೂ ಒಣಗಿಸಿ, ಎಣ್ಣೆಯಲ್ಲಿ ನೆನೆಸಿ, ಪಿಂಗಾಣಿಯೊಳಗಿಟ್ಟು, ರಬ್ಬರ್ ಗ್ಯಾಸ್ಕೆಟ್ ಕೂರಿಸಿ ಸೀಲ್ ಮಾಡುತ್ತಾರೆ. ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸಿದ ಹಾಗೆ.

ಈ ಭರಣಿಯ ಎಣ್ಣೆ ಬೇರೆ, ಟ್ಯಾಂಕಿನ ಎಣ್ಣೆ ಬೇರೆ. ಎರಡೂ ಬೆರೆಯುವುದಿಲ್ಲ. ಇದು ಚಿಕ್ಕ ವಿಷಯದ ಹಾಗೆ ಕಾಣುತ್ತದೆ, ಅಲ್ಲ. ಟ್ರಾನ್ಸ್‌ಫಾರ್ಮರ್‌ಗೆ ನಾವು ಕಟ್ಟಿದ ಕಾವಲುಗಾರರೆಲ್ಲ ಟ್ಯಾಂಕಿನ ಎಣ್ಣೆಯನ್ನು ನೋಡಿಕೊಂಡು ಕೂತಿರುತ್ತಾರೆ. 1921ರಲ್ಲಿ ಮ್ಯಾಕ್ಸ್ ಬುಕೋಲ್ಜ್ ಎಂಬ ಜರ್ಮನ್ ಎಂಜಿನಿಯರ್ ಕಂಡುಹಿಡಿದ ರಿಲೇ ಇವತ್ತಿಗೂ ಟ್ಯಾಂಕಿನಿಂದ ಮೇಲೇಳುವ ಗುಳ್ಳೆ ಹಿಡಿದು ಅಲಾರಂ ಕೊಡುತ್ತದೆ. ಎಣ್ಣೆಯಲ್ಲಿ ಕರಗಿದ ಹೈಡ್ರೋಜನ್, ಅಸಿಟಿಲೀನ್, ಎಥಿಲೀನ್ ಅಳೆದು ಒಳಗಿನ ರೋಗ ಹೇಳುವ ಪರೀಕ್ಷೆಗೂ ಮಾದರಿ ತೆಗೆಯುವುದು ಟ್ಯಾಂಕಿನ ಬುಡದ ವಾಲ್ವಿನಿಂದಲೇ. ಬುಶಿಂಗ್‌ನೊಳಗೆ ಪದರಗಳು ಒಂದೊಂದಾಗಿ ಸುಡುತ್ತಿದ್ದರೂ ಇವು ಯಾವುದಕ್ಕೂ ತಿಳಿಯುವುದಿಲ್ಲ. ಟ್ಯಾಂಕಿನ ವರದಿ ಕೈಯಲ್ಲಿ ಹಿಡಿದು "ಟ್ರಾನ್ಸ್‌ಫಾರ್ಮರ್ ಆರೋಗ್ಯವಾಗಿದೆ" ಅಂದರೆ ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಬುಶಿಂಗಿನ ಒಳಗನ್ನು ತಿಳಿಯಲು ದಾರಿ ಎರಡು. ಒಂದು, ಲೈನ್ ಕ್ಲಿಯರ್ (ಕರೆಂಟು ನಿಲ್ಲಿಸಿ ಕೆಲಸ ಮಾಡುವ ಅನುಮತಿ) ತೆಗೆದುಕೊಂಡು ಟ್ಯಾನ್ ಡೆಲ್ಟಾ ಟೆಸ್ಟ್ ಮಾಡುವುದು. ಕುಂದಿಲ್ಲದ ನಿರೋಧಕದಲ್ಲಿ (ಇಲ್ಲಿ ವಿದ್ಯುತ್ತನ್ನು ತಡೆದು ನಿಲ್ಲಿಸುವ ಎಣ್ಣೆ ಕಾಗದ) ಕರೆಂಟು ವೋಲ್ಟೇಜಿಗಿಂತ ಸರಿಯಾಗಿ 90 ಡಿಗ್ರಿ ಮುಂದಿರುತ್ತದೆ. ನಿಜದಲ್ಲಿ ಕೂದಲೆಳೆಯಷ್ಟು ಕಡಿಮೆ ಬೀಳುತ್ತದೆ. ಆ ಕೊರತೆಯ ಲೆಕ್ಕವೇ ಟ್ಯಾನ್ ಡೆಲ್ಟಾ, ಅಂದರೆ ಒಳಗೆ ಶಾಖವಾಗಿ ಸೋರುವ ಪಾಲು. ಎಣ್ಣೆ ಕಾಗದದ ಹೊಸ ಬುಶಿಂಗಿನಲ್ಲಿ ಅದು ಶೇ. 0.3–0.4ರ ಆಸುಪಾಸು; ಶೇ. 0.7 ಅಂತರರಾಷ್ಟ್ರೀಯ ಮಾನದಂಡದ ಮಿತಿ. ಜೊತೆಗೆ ಕೆಪಾಸಿಟೆನ್ಸೂ, ಅಂದರೆ ಆ ಕೆಪಾಸಿಟರ್‌ಗಳ ಒಟ್ಟು ಹಿಡಿತದ ಅಳತೆಯೂ, ನೋಡಬೇಕು. 40 ಪದರಗಳಿವೆ ಎಂದಿಟ್ಟುಕೊಳ್ಳಿ. ಒಂದು ಶಾರ್ಟ್ ಆದರೆ ಕೆಪಾಸಿಟೆನ್ಸ್ ಶೇ. 2.5ರಷ್ಟು ಏರುತ್ತದೆ. ಅಂದರೆ ಉಳಿದ 39 ಪದರಗಳ ಮೇಲಿನ ಹೊರೆಯೂ ಅಷ್ಟೇ ಏರಿತು. ಉತ್ಸವದ ಪಲ್ಲಕ್ಕಿಗೆ ಹೆಗಲು ಕೊಟ್ಟವರಲ್ಲಿ ಒಬ್ಬ ಮೆಲ್ಲಗೆ ಜಾರಿಕೊಂಡರೆ ಪಲ್ಲಕ್ಕಿ ಬೀಳುವುದಿಲ್ಲ. ಯಾರಿಗೂ ಗೊತ್ತೂ ಆಗುವುದಿಲ್ಲ. ಎರಡನೆಯವನು, ಮೂರನೆಯವನು ಜಾರಿದಾಗಲೂ ಮೆರವಣಿಗೆ ನಡೆದೇ ಇರುತ್ತದೆ.

ಇನ್ನೊಂದು ದಾರಿ, ನಾರ್ತ್ ಹೈಡ್‌ನಲ್ಲಿ ಮಾಡಿದ್ದು: ಬುಶಿಂಗಿನ ಎಣ್ಣೆಯನ್ನೇ ತೆಗೆದು ನೋಡುವುದು. ಇದನ್ನು ಯಾರೂ ದಿನಾ ಮಾಡುವುದಿಲ್ಲ. ಭರಣಿಯಲ್ಲಿರುವ ಎಣ್ಣೆಯೇ ಕೊಂಚ; ತೆಗೆಯಲು ಸೀಲ್ ಬಿಚ್ಚಬೇಕು; ಬಿಚ್ಚಿದ್ದೇ ತೇವಕ್ಕೆ ದಾರಿಯಾಗಬಹುದು. ಅಂಥ ಕೆಲಸವನ್ನು 2018ರಲ್ಲಿ ಯಾರೋ ಸರಿಯಾಗಿ ಮಾಡಿದ್ದಾರೆ, ಲ್ಯಾಬೂ ಸರಿಯಾಗಿ ಓದಿದೆ. ಈ ಇಡೀ ಕಥೆಯಲ್ಲಿ ನನಗೆ ಮೆಚ್ಚುಗೆ ಇರುವುದು ಅವರ ಮೇಲೆ.

ಎಣ್ಣೆಯಲ್ಲಿ ನೀರು ಕಂಡರೆ ಹೆದರಬೇಕಾದದ್ದು ಎಣ್ಣೆಯ ಬಗ್ಗೆ ಅಲ್ಲ. ಎಣ್ಣೆಗೆ ನೀರು ಬೇಡ, ಕಾಗದಕ್ಕೆ ಬೇಕು. ಮಾಮೂಲು ಉಷ್ಣತೆಯಲ್ಲಿ ಒಳಗಿರುವ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಕಾಗದದಲ್ಲೇ ಅಡಗಿರುತ್ತದೆ. ಎಣ್ಣೆಯಲ್ಲಿ ಕಂಡ ಕೆಲವು ಪಿಪಿಎಂ (ಹತ್ತು ಲಕ್ಷಕ್ಕೊಂದು ಪಾಲು), ತುಂಬಿ ಹೆಚ್ಚಾಗಿ ತುಳುಕಿದ್ದು. ತೇವಗೊಂಡ ಕಾಗದದಲ್ಲಿ ಸೋರಿಕೆಯ ಕರೆಂಟು ಹೆಚ್ಚು, ಅದರಿಂದ ಶಾಖ, ಶಾಖದಿಂದ ಇನ್ನಷ್ಟು ಸೋರಿಕೆ. ದಪ್ಪ ಕಾಗದದ ಸುತ್ತು ಕಂಬಳಿಯ ಹಾಗೆ. ನಡುವಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಒಂದು ಹಂತದವರೆಗೆ ಬಿಸಿ ಹುಟ್ಟುವುದೂ ಹೊರಹೋಗುವುದೂ ಸಮನಾಗಿರುತ್ತವೆ. ಹಂತ ದಾಟಿದ ಮೇಲೆ ತಡೆಯಲು ಯಾರಿಂದಲೂ ಆಗದು.

ಆ ರಾತ್ರಿ

11 ಗಂಟೆ 21 ನಿಮಿಷಕ್ಕೆ ಏನಾಯಿತು ಎಂಬುದನ್ನು ವರದಿ ಹೀಗೆ ಕಟ್ಟುತ್ತದೆ: ನಿರೋಧಕ ಮುರಿದುಬಿತ್ತು, ಕಾರಣ ಬುಶಿಂಗಿನೊಳಗೆ ಸೇರಿದ ತೇವವೇ ಇರುವ ಸಂಭವ ಹೆಚ್ಚು; ಉರಿಯುವ ಕಿಡಿಯಂತೆ ಆರ್ಕ್ ಹೊಡೆಯಿತು, ಎಣ್ಣೆಗೆ ಬೆಂಕಿ ಹತ್ತಿತು.

ಇಂಥ ಕಡೆ ರಕ್ಷಣಾ ರಿಲೇಗಳು ಸೋಲುವುದು ಅಪರೂಪ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಬ್ರೇಕರ್ ಬಿಚ್ಚಿಕೊಂಡು ಕರೆಂಟು ನಿಂತುಹೋಗುತ್ತದೆ. ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಆರ್ಕ್ ಹೊಡೆದ ಕಡೆ ಎಣ್ಣೆ ಕ್ಷಣದಲ್ಲಿ ಅನಿಲವಾಗಿ ಹಿಗ್ಗುತ್ತದೆ. ಪಿಂಗಾಣಿಗೆ ಹಿಗ್ಗುವುದು ಗೊತ್ತಿಲ್ಲ, ಚೂರಾಗುತ್ತದೆ. ಮುಚ್ಚಳದ ಮೇಲೆ ಬುಶಿಂಗ್ ಇದ್ದ ಜಾಗ ಈಗ ತೆರೆದ ಬಾವಿ. ಅದರ ಕೆಳಗೆ ಟ್ಯಾಂಕಿನ ಎಣ್ಣೆ. ಲಂಡನ್ ಅಗ್ನಿಶಾಮಕ ದಳದವರು ಹೇಳಿದಂತೆ 25,000 ಲೀಟರ್ ತಂಪುಗೊಳಿಸುವ ಎಣ್ಣೆ ಪೂರ್ತಿ ಹತ್ತಿಕೊಂಡಿತ್ತು. ಹತ್ತು ವಾಹನ, ಸುಮಾರು 70 ಸಿಬ್ಬಂದಿ. ಸುತ್ತಲಿನ ಸುಮಾರು 150 ಜನರನ್ನು ಮನೆ ಬಿಡಿಸಿದರು. ಟ್ಯಾಂಕರ್ ಲಾರಿಯೊಂದು ಉರಿದದ್ದನ್ನು ಹೆದ್ದಾರಿಯಲ್ಲಿ ಕಂಡವರು ಇದನ್ನು ಊಹಿಸಿಕೊಳ್ಳಬಹುದು. ವ್ಯತ್ಯಾಸವೆಂದರೆ ಇಲ್ಲಿ ಅಕ್ಕಪಕ್ಕದಲ್ಲಿ 275 ಕೆವಿ ಲೈವ್ ಇರುತ್ತದೆ, ಅದು ಸತ್ತಿದೆ ಎಂದು ಖಾತ್ರಿಯಾಗುವವರೆಗೆ ನೀರು ಹೊಡೆಯುವಂತಿಲ್ಲ.

ಬೆಂಕಿಯ ಶಾಖಕ್ಕೆ ಪಕ್ಕದ ಟ್ರಾನ್ಸ್‌ಫಾರ್ಮರೂ ಅರ್ಧ ಗಂಟೆಯೊಳಗೆ ಟ್ರಿಪ್ ಆಯಿತು. ಅಲ್ಲಿಗೆ ಸ್ಟೇಷನ್ನಿನಿಂದ ಹೊರಹೋಗುವ ಪೂರೈಕೆಯೇ ನಿಂತಿತು. 70,000ಕ್ಕೂ ಹೆಚ್ಚು ಗ್ರಾಹಕರು ಕತ್ತಲಲ್ಲಿ: ಮನೆಗಳು, ಹಿಲಿಂಗ್ಡನ್ ಆಸ್ಪತ್ರೆ, ಡೇಟಾ ಸೆಂಟರ್‌ಗಳು, ರಸ್ತೆ ಮತ್ತು ರೈಲಿನ ಕೆಲವು ಭಾಗ, ಹೀಥ್ರೂ. ಬಹುಪಾಲು ಮನೆಗಳಿಗೆ ಬೆಳಗಾಗುವ ಹೊತ್ತಿಗೆ ಬೇರೆ ದಾರಿಯಿಂದ ಕರೆಂಟು ಕೊಟ್ಟರು. ಮುಖ್ಯವಾದ ಮೂಲಸೌಕರ್ಯ ಸುಟ್ಟಿದ್ದರಿಂದ ಮೊದಲ ತನಿಖೆಯನ್ನು ಭಯೋತ್ಪಾದನಾ ನಿಗ್ರಹ ಪೊಲೀಸರೇ ಮುಂದೆ ನಿಂತು ಮಾಡಿದರು. ಯಾರ ಕೈವಾಡವೂ ಸಿಗಲಿಲ್ಲ.

ಮೂರು ಟ್ರಾನ್ಸ್‌ಫಾರ್ಮರ್ ಇಡುವುದು ಒಂದು ಹೋದರೂ ಉಳಿದವು ಹೊರಲಿ ಎಂದು. ಗ್ರಿಡ್ ಯೋಜನೆಯ ಮೊದಲ ಪಾಠವೇ ಅದು, ನಮ್ಮಲ್ಲೂ ಅಷ್ಟೇ. ಆದರೆ ಸ್ಟೇಷನ್ನಿನ ಸಂಪರ್ಕಗಳನ್ನು ತೋರಿಸುವ ಸಿಂಗಲ್ ಲೈನ್ ಡ್ರಾಯಿಂಗಿನಲ್ಲಿ ಅವು ಮೂರು ಬೇರೆ ಬೇರೆ ವೃತ್ತಗಳು. ನೆಲದ ಮೇಲೆ ಬೆಂಕಿಯ ಲೆಕ್ಕಕ್ಕೆ ಪಕ್ಕಪಕ್ಕದ ಎರಡು ಒಂದೇ. ಈಗ ಕಟ್ಟುವ ಸ್ಟೇಷನ್‌ಗಳಲ್ಲಿ ನಡುವೆ ಅಗ್ನಿಗೋಡೆ ಏಳುತ್ತದೆ, ಕೆಳಗೆ ಜಲ್ಲಿ ತುಂಬಿದ ಎಣ್ಣೆಗುಂಡಿ ಇರುತ್ತದೆ. ನಮ್ಮ ದೇಶದ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ 10 ಎಂವಿಎ (10,000 ಕೆವಿಎ) ಮತ್ತು ಮೇಲ್ಪಟ್ಟ ಟ್ರಾನ್ಸ್‌ಫಾರ್ಮರ್‌ಗಳಿಗೆ ತಾನಾಗಿ ನೀರು ಚಿಮ್ಮುವ ವ್ಯವಸ್ಥೆಯೋ, ಎಣ್ಣೆ ಬಸಿದು ನೈಟ್ರೋಜನ್ ನುಗ್ಗಿಸುವ ವ್ಯವಸ್ಥೆಯೋ ಇರಬೇಕೆಂದಿದೆ. ಹಾಕಿದ್ದು ಕೆಲಸ ಮಾಡುತ್ತದೆಯೇ ಎಂದು ವರ್ಷಕ್ಕೊಮ್ಮೆಯಾದರೂ ನಿಜವಾಗಿ ಚಿಮ್ಮಿಸಿ ನೋಡುವ ಸ್ಟೇಷನ್‌ಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ವಿಮಾನ ನಿಲ್ದಾಣದ ಪಾಲು

ಹೀಥ್ರೂ ಕಥೆಯನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ, ನಾನು ಚುಟುಕಾಗಿ ಹೇಳುತ್ತೇನೆ. ಆ ನಿಲ್ದಾಣಕ್ಕೆ ಗ್ರಿಡ್‌ನಿಂದ ಮೂರು ಕಡೆಯ ಪೂರೈಕೆ ಇದೆ. ನಾರ್ತ್ ಹೈಡ್ ಅದರಲ್ಲೊಂದು. ಉಳಿದೆರಡು ಆ ರಾತ್ರಿ ಚೆನ್ನಾಗಿಯೇ ಇದ್ದವು. ಆದರೆ ನಿಲ್ದಾಣದ ಒಳಗಿನ ಜಾಲ ಹೇಗೆ ಕಟ್ಟಿತ್ತೆಂದರೆ, ಮೂರರಲ್ಲಿ ಒಂದು ಹೋದರೂ ಕಾರ್ಯಾಚರಣೆಗೆ ಬೇಕೇಬೇಕಾದ ಕೆಲವು ವ್ಯವಸ್ಥೆಗಳು ನಿಲ್ಲುತ್ತಿದ್ದವು, ಅವನ್ನು ಉಳಿದೆರಡರ ಮೇಲೆ ಹೊಂದಿಸಿಕೊಳ್ಳಲು 10ರಿಂದ 12 ಗಂಟೆ ಬೇಕಿತ್ತು. ಒಂದು ಗಂಟೆಯಲ್ಲ, ಹನ್ನೆರಡು. ಜನರೇಟರುಗಳು ರನ್‌ವೇ ದೀಪದಂಥ ಜೀವರಕ್ಷಕ ವ್ಯವಸ್ಥೆಗಳಿಗಷ್ಟೇ. ಇಡೀ ನಿಲ್ದಾಣ ನಡೆಸಲು ಅಲ್ಲ. ನಡುರಾತ್ರಿ ಮುಖ್ಯಾಧಿಕಾರಿಗೆ ಫೋನ್ ಮಾಡಿದರೆ ಅದು ಸೈಲೆಂಟ್‌ನಲ್ಲಿತ್ತು ಎಂದು ನಿಲ್ದಾಣದವರೇ ನೇಮಿಸಿದ ವಿಚಾರಣೆ ದಾಖಲಿಸಿದೆ. ಅದಕ್ಕೆ ಬಹಳ ನಕ್ಕರು. ಅವರು ಎದ್ದಿದ್ದರೂ ಸ್ವಿಚಿಂಗ್‌ಗೆ ಬೇಕಾದ ಗಂಟೆಗಳು ಕಡಿಮೆಯಾಗುತ್ತಿರಲಿಲ್ಲ.

1,300ಕ್ಕೂ ಹೆಚ್ಚು ವಿಮಾನಗಳು ಏರುಪೇರಾದವು, 2,70,000ಕ್ಕೂ ಹೆಚ್ಚು ಪ್ರಯಾಣಗಳು ಕೆಟ್ಟವು. ಸುಮಾರು 120 ವಿಮಾನಗಳು ಆಗಲೇ ಗಾಳಿಯಲ್ಲಿದ್ದವು; ದಾರಿ ತಿರುಗಿಸಿ ಸಿಕ್ಕ ಕಡೆ ಇಳಿದವು, ಇಲ್ಲವೇ ಹೊರಟಲ್ಲಿಗೇ ಮರಳಿದವು. ಬೆಂಗಳೂರಿನಿಂದ ಹೀಥ್ರೂಗೆ ನೇರ ವಿಮಾನ ಇರುವುದರಿಂದ ಮಗಳ ಬಾಣಂತನಕ್ಕೆ ಹೊರಡುವ ಅಮ್ಮಂದಿರು ನಮ್ಮ ಕಡೆ ಕಡಿಮೆಯಿಲ್ಲ. ಅಂಥವರ ದಿನವನ್ನು ಒಂದು ಪಿಂಗಾಣಿ ಕೊಂಬು ಹಾಳುಮಾಡೀತು ಎಂದು ಯಾರು ಅಂದುಕೊಂಡಾರು?

ಯಾಕೆ ಬದಲಿಸಲಿಲ್ಲ

ವರದಿ ನೇರವಾಗಿಯೇ ಹೇಳುತ್ತದೆ: 2018ರ ರೀಡಿಂಗ್‌ನ ತೀವ್ರತೆಗೆ ತಕ್ಕ ಕ್ರಮ ಕೈಗೊಳ್ಳಲಿಲ್ಲ, ತಪ್ಪು ಹಿಡಿಯಬೇಕಿದ್ದ ನಿಯಂತ್ರಣಗಳೂ ಹಿಡಿಯಲಿಲ್ಲ, 2022ರಲ್ಲಿ ಸಾಮಾನ್ಯ ನಿರ್ವಹಣೆಯನ್ನೂ ಮುಂದೂಡುವ ತೀರ್ಮಾನವಾಯಿತು. ವರದಿ ಬಂದ ದಿನವೇ ಬ್ರಿಟನ್ನಿನ ಇಂಧನ ನಿಯಂತ್ರಕ ಆಫ್‌ಜೆಮ್, ನ್ಯಾಷನಲ್ ಗ್ರಿಡ್ಡಿನ ಪ್ರಸರಣ ಕಂಪನಿಯ ಮೇಲೆ ಅಧಿಕೃತ ತನಿಖೆ ಶುರುಮಾಡಿತು.

ಇದನ್ನೋದಿ "ಎಂಥ ಬೇಜವಾಬ್ದಾರಿ" ಅನ್ನುವವರಲ್ಲಿ ಎಷ್ಟು ಜನ ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಲೈನ್ ಕ್ಲಿಯರ್ ಕೇಳಿದ್ದಾರೋ ಗೊತ್ತಿಲ್ಲ. ನಮ್ಮಲ್ಲಿನ ಕ್ಯಾಲೆಂಡರ್ ಹೇಳುತ್ತೇನೆ, ಕೇಳಿ. ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ, ಕೊಡುವುದಿಲ್ಲ. ಏಪ್ರಿಲ್ ಮೇ ಬೇಸಿಗೆ ಲೋಡು, ಒಂದು ನಿಲ್ಲಿಸಿದರೆ ಉಳಿದದ್ದು ಓವರ್‌ಲೋಡು. ಜೂನಿನಿಂದ ಮಳೆ, ಗಾಳಿಯಲ್ಲಿ ತೇವ ಇದ್ದರೆ ಪಿಂಗಾಣಿಯ ಮೈಮೇಲೆ ಕರೆಂಟು ಸೋರಿ ಟ್ಯಾನ್ ಡೆಲ್ಟಾ ತಪ್ಪು ತೋರಿಸುತ್ತದೆ. ಆಮೇಲೆ ಗಣೇಶ, ದಸರಾ, ದೀಪಾವಳಿ. ಉಳಿದ ಎರಡು ಮೂರು ತಿಂಗಳಿಗೆ ಇಡೀ ಸರ್ಕಲ್ಲಿನ ಸ್ಟೇಷನ್‌ಗಳು ಕ್ಯೂ ನಿಂತಿರುತ್ತವೆ. ಬುಶಿಂಗ್ ಬದಲಿಸಲು ಅರ್ಧ ದಿನ ಸಾಲದು: ಎಣ್ಣೆ ಇಳಿಸಬೇಕು, ಕ್ರೇನ್ ತರಿಸಬೇಕು, ಹಳೆಯದನ್ನು ಎತ್ತಿ ಹೊಸದನ್ನು ಕೂದಲು ತಾಗದಷ್ಟು ಜೋಪಾನವಾಗಿ ಇಳಿಸಬೇಕು, ನಿರ್ವಾತ ಎಳೆಯಬೇಕು, ಎಣ್ಣೆ ತುಂಬಿ ಗುಳ್ಳೆ ಕೂರಲು ಬಿಡಬೇಕು, ಟೆಸ್ಟ್ ಮಾಡಬೇಕು. ಮೂರು ನಾಲ್ಕು ದಿನ. ಅದಕ್ಕೆ ಮೊದಲು ಹೊಂದುವ ಬುಶಿಂಗ್ ಸಿಗಬೇಕು. ಐವತ್ತು ವರ್ಷದ ಯಂತ್ರಕ್ಕೆ ಫ್ಲೇಂಜ್ ಅಳತೆ, ಕೆಳಬಾಲದ ಉದ್ದ ಎಲ್ಲ ಕೂಡಿಬರುವ ಬುಶಿಂಗ್ ಅಂಗಡಿಯಲ್ಲಿ ಸಿಗುವುದಿಲ್ಲ, ಆರ್ಡರ್ ಕೊಟ್ಟು ಕಾಯಬೇಕು.

ನಾರ್ತ್ ಹೈಡ್‌ನಲ್ಲಿ ಇದೇ ಕಾರಣಗಳಿದ್ದವು ಎಂದು ನಾನು ಹೇಳುತ್ತಿಲ್ಲ. ಇಷ್ಟು ಕಾರಣ ಇದ್ದಾಗ ಮುಂದೂಡುವುದು ಎಷ್ಟು ಸಲೀಸು ಎಂದಷ್ಟೇ. ಮುಂದೂಡಿದ ಮೊದಲ ವರ್ಷ ಏನೂ ಆಗುವುದಿಲ್ಲ. ಎರಡನೆಯ ವರ್ಷವೂ ಇಲ್ಲ. "ಹತ್ತಿರದಲ್ಲಿದೆ" ಎಂದು ಬರೆದ ಅಪಾಯ ಬಾರದೇ ಹೋದಷ್ಟೂ, ಬರೆದವನೇ ಹೆದರುಪುಕ್ಕ ಎನಿಸುತ್ತದೆ. ಪಲ್ಲಕ್ಕಿ ಇನ್ನೂ ನಡೆಯುತ್ತಿದೆಯಲ್ಲ!

ನನ್ನದೇ ಒಂದು ಅನುಭವ. ಮಲೆನಾಡಿನ ಅಂಚಿನ ಒಂದು 220 ಕೆವಿ ಸ್ಟೇಷನ್. ಮೂರು ಫೇಸಿನಲ್ಲಿ ಆರ್ ಫೇಸಿನ ಬುಶಿಂಗಿನ ಟ್ಯಾನ್ ಡೆಲ್ಟಾ ಶೇ. 0.4ರಲ್ಲಿ ಇದ್ದದ್ದು ಶೇ. 0.9 ತೋರಿಸಿತು. ಪಿಂಗಾಣಿ ಒರೆಸಿ, ಬಿಸಿಲಿಗೆ ಬಿಟ್ಟು, ಲೀಡ್ ಬದಲಿಸಿ ಮತ್ತೆ ಮಾಡಿದೆವು, ಅಷ್ಟೇ ಬಂತು. ಮೇಲಿನವರು, "ಇನ್ನೊಂದು ಮಳೆಗಾಲ ನೋಡೋಣ ಕಣ್ರೀ, ನಿಮ್ಮ ಕಿಟ್ಟೇ ಹಳೇದು" ಅಂದರು. ಅದೃಷ್ಟಕ್ಕೆ ಸ್ಟೋರಿನಲ್ಲಿ ಹೊಂದುವ ಬುಶಿಂಗ್ ಒಂದು ಬಿದ್ದಿತ್ತು, ಪಕ್ಕದ ಟ್ರಾನ್ಸ್‌ಫಾರ್ಮರ್ ಲೋಡು ಹೊರುವಂತಿತ್ತು, ಹಾಗಾಗಿ ಬದಲಿಸಿದೆವು. ಅಂದರೆ ನಾವು ಜಾಣರಾಗಿದ್ದಕ್ಕಲ್ಲ, ಅನುಕೂಲ ಕೂಡಿಬಂದಿದ್ದಕ್ಕೆ. ತೆಗೆದದ್ದನ್ನು ಯಾರ್ಡಿನ ಮೂಲೆಯಲ್ಲಿ ಒಡೆದು ಸುತ್ತು ಬಿಚ್ಚುತ್ತಾ ಹೋದೆವು. ಹೊರಗಿನ ಪದರಗಳು ಚೊಕ್ಕವಾಗಿದ್ದವು. ನಡುವಿಗೆ ಬಂದಂತೆ ಕಾಗದ ಕಾಫಿ ಬಣ್ಣಕ್ಕೆ ತಿರುಗಿತ್ತು, ಹಾಳೆಗಳ ಅಂಚಿನಲ್ಲಿ ಹಳದಿ ಮೇಣ ಕಟ್ಟಿತ್ತು. ಒಳಗೆ ಸಣ್ಣ ಕಿಡಿಗಳು ಬಹಳ ದಿನದಿಂದ ಎಣ್ಣೆಯನ್ನು ಸುಡುತ್ತಿದ್ದರೆ ಕಟ್ಟುವ ಮೇಣ ಅದು. ಕಿಟ್ಟು ಹಳೆಯದು ಎಂದವರಿಗೆ ಒಂದು ತುಂಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿಕೊಟ್ಟೆ. ಉತ್ತರ ಬರಲಿಲ್ಲ.

ಈಗ ಬರುವ ಬುಶಿಂಗ್‌ಗಳಲ್ಲಿ ಬಹಳಷ್ಟಕ್ಕೆ ಎಣ್ಣೆಯೇ ಇಲ್ಲ. ಕಾಗದವನ್ನು ರಾಳದಲ್ಲಿ ನೆನೆಸಿ ಗಟ್ಟಿ ಮಾಡಿರುತ್ತಾರೆ, ಹೊರಗೆ ಪಿಂಗಾಣಿಯ ಬದಲು ಸಿಲಿಕೋನ್ ರಬ್ಬರಿನ ಬಳೆಗಳು. ಕೆಟ್ಟರೂ ಚೂರಾಗಿ ಹಾರುವುದಿಲ್ಲ, ಬೆಂಕಿಗೆ ಎಣ್ಣೆ ಸುರಿಯುವುದಿಲ್ಲ. ಚಾಲೂ ಇರುವಾಗಲೇ ಕೆಪಾಸಿಟೆನ್ಸ್, ಟ್ಯಾನ್ ಡೆಲ್ಟಾ ಅಳೆಯುತ್ತಾ ಇರುವ ಉಪಕರಣಗಳೂ ಬಂದಿವೆ. ಬುಶಿಂಗಿನ ಟೆಸ್ಟ್ ಟ್ಯಾಪಿಗೆ ಕಟ್ಟಿಬಿಟ್ಟರೆ ಲೈನ್ ಕ್ಲಿಯರ್ ಗೋಳೇ ಇಲ್ಲ. ಒಳ್ಳೆಯದೇ. ಆದರೆ ನಾರ್ತ್ ಹೈಡ್‌ನಲ್ಲಿ ಕೊರತೆ ಇದ್ದದ್ದು ಅಳತೆಯದ್ದಲ್ಲ. ಅಳತೆ ಇತ್ತು, ಅದರ ಅರ್ಥ ಬರೆದ ಪುಸ್ತಕ ಇತ್ತು. ಲ್ಯಾಬಿನ ಕಾಗದಕ್ಕೂ ಷಟ್‌ಡೌನ್ ಪಟ್ಟಿಗೂ ನಡುವೆ ಒಬ್ಬ ಮನುಷ್ಯ ಬೇಕಿತ್ತು. "ಇದು ಆಗುವವರೆಗೆ ನಾನು ಸಹಿ ಹಾಕುವುದಿಲ್ಲ" ಎಂದು ಕೂರುವವನು.

ವರದಿ ಓದಿದ ವಾರ, ಈಗಲೂ ಸರ್ವೀಸಿನಲ್ಲಿರುವ ನನ್ನ ಹಳೆಯ ಜೂನಿಯರ್‌ಗೆ ಫೋನ್ ಮಾಡಿದೆ. "ನಿಮ್ಮ ಎರಡನೇ ನಂಬರ್ ಟ್ರಾನ್ಸ್‌ಫಾರ್ಮರಿನ ಬುಶಿಂಗ್ ಕೊನೇ ಸಲ ಯಾವಾಗ ಟೆಸ್ಟ್ ಮಾಡಿದ್ರಪ್ಪ?" ಅಂದೆ. "ಒಂದ್ನಿಮಿಷ ಸಾರ್" ಎಂದು ರಿಜಿಸ್ಟರ್ ತರಿಸಿದ. ಹಾಳೆ ತಿರುವುವ ಸದ್ದು ಬಹಳ ಹೊತ್ತು ಕೇಳಿತು. ಕೊನೆಗೆ ಓದಿದ: ವೈ ಫೇಸ್, ಶೇ. 0.62, ಷರಾ ಕಾಲಂನಲ್ಲಿ "ಷಟ್‌ಡೌನ್ ದೊರೆತಾಗ ಮರುಪರೀಕ್ಷೆ." ತಾರೀಕು ಕೇಳಿದೆ. ಹೇಳಿದ. ಅದರ ಕೆಳಗಿನ ಸಹಿ ನನ್ನದೇ.

"ನಾಳೆ ಲೆಟರ್ ಹಾಕ್ತೀನಿ ಸಾರ್" ಅಂದ. ಹಾಕಿದ ಕೂಡಲೇ ಅದರ ಪ್ರತಿಯನ್ನು ವಾಟ್ಸಪ್ ಮಾಡು ಅಂದೆ. ಮಾರನೆಯ ಸಂಜೆ ಬಂತು. ಷಟ್‌ಡೌನ್ ಡಿಸೆಂಬರಿಗೆ ಕೇಳಿದ್ದಾನೆ.